ಕೂದಲು ಬೆಳ್ಳಗಾಯ್ತು, ಕೆಂಪು ಸೀರೆ ಉಡಬಹುದಾ?

ಪ್ರಶ್ನೆ: ನನಗೆ 64 ವರ್ಷ, ನಿವೃತ್ತ ಶಿಕ್ಷಕಿ. ಕೂದಲಿಗೆ ಡೈ ಹಚ್ಚುವುದು ಬಿಟ್ಟ ಮೇಲೆ ತಲೆ ಪೂರ್ತಿ ಬೆಳ್ಳಗಾಗಿದೆ. ‘ಈ ವಯಸ್ಸಿಗೆ ತಿಳಿ ಬಣ್ಣಾನೇ ಚೆಂದ’ ಅಂತ ನಾದಿನಿ ಹೇಳಿದ್ದಕ್ಕೆ ಕೆನೆ ಬಣ್ಣ, ಬೂದು ಬಣ್ಣದ ಸೀರೆಗಳನ್ನೇ ತೆಗೆದುಕೊಂಡೆ. ಉಟ್ಟರೆ ಎಲ್ಲರೂ ‘ಆರಾಮಿಲ್ಲೇನ್ರಿ?’ ಅಂತ ಕೇಳುತ್ತಾರೆ. ದಾಳಿಂಬೆ ಕೆಂಪಿನ ಇಳಕಲ್ ಸೀರೆ ಟ್ರಂಕಿನಲ್ಲಿದೆ. ಮಗನ ಮನೆಯ ಗೃಹಪ್ರವೇಶಕ್ಕೆ ಉಡಬಹುದೇ?
– ಓದುಗರು, ಧಾರವಾಡ

ಉತ್ತರ: ಧಾರಾಳವಾಗಿ ಉಡಿ. ಇವತ್ತೇ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ.

ತಲೆಯೂ ಬಿಳಿ, ಸೀರೆಯೂ ಕೆನೆ ಆದರೆ ನಡುವೆ ಮುಖ ಸಪ್ಪೆಯಾಗುತ್ತದೆ. ಮೊದಲು ಕಪ್ಪು ಕೂದಲು ಮುಖಕ್ಕೆ ಕಳೆ ಕೊಡುತ್ತಿತ್ತು. ಈಗ ಆ ಕೆಲಸ ಸೀರೆ ಮಾಡಬೇಕು. ದಾಳಿಂಬೆ ಕೆಂಪು, ಬದನೆಕಾಯಿ ಬಣ್ಣ, ನವಿಲು ನೀಲಿ, ಎಲ್ಲವೂ ಬಿಳಿ ಕೂದಲಿಗೆ ಒಪ್ಪುತ್ತವೆ. ತಿಳಿ ಬಣ್ಣ ಬೇಡವೇ ಬೇಡ ಅಂತಲ್ಲ. ತಿಳಿ ಗುಲಾಬಿ ಚೆನ್ನಾಗಿರುತ್ತದೆ. ಮಾಸಿದ ಹಾಗೆ ಕಾಣುವ ಬಣ್ಣ ಮಾತ್ರ ಮುಖದ ಹತ್ತಿರ ತರಬೇಡಿ.

ನಿಮ್ಮ ಇಳಕಲ್ ಸೆರಗಿನಲ್ಲಿ ನೇಯ್ದಿರುವ ಟೋಪ್ ತೆನಿ ವಿನ್ಯಾಸ ನೋಡಿ. ಕೆಂಪಿನ ನಡುವೆ ಬಿಳಿ ತೆನೆಗಳಿವೆ, ಅಲ್ವಾ? ಸೆರಗನ್ನು ಬೆನ್ನ ಹಿಂದಿನಿಂದ ತಂದು ಬಲ ಹೆಗಲ ಮೇಲೆ ಹೊದ್ದುಕೊಳ್ಳಿ. ಆ ಬಿಳಿಗೂ ನಿಮ್ಮ ಕೂದಲಿಗೂ ಎಂಥಾ ಜೋಡಿ! ಕಪ್ಪು ಕೂದಲಿನವರಿಗೆ ಇದು ಇಷ್ಟು ಚೆಂದ ಕೂಡಿಬರುವುದಿಲ್ಲ.

ಕೆನೆ ಬಣ್ಣದ ಸೀರೆಗಳನ್ನು ಸುಮ್ನೆ ಯಾರಿಗೂ ಕೊಟ್ಟುಬಿಡಬೇಡಿ. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡ ಖಣದ ಬಟ್ಟೆಯಲ್ಲಿ ಗಾಢ ಬಣ್ಣದ ಕುಪ್ಪಸ ಹೊಲಿಸಿ. ಮುಖಕ್ಕೆ ಹತ್ತಿರ ಇರುವುದು ಕುಪ್ಪಸವೇ. ಅದೊಂದು ಬದಲಾದರೂ ಸಾಕು.

ಇನ್ನು ಹೊಸ ಸೀರೆ ಕೊಳ್ಳುವಾಗ ಅಂಗಡಿಯ ಲೈಟು ನಂಬಬೇಡಿ. ವಯಸ್ಸಾದ ಹಾಗೆ ಕಣ್ಣಿನೊಳಗಿನ ಮಸೂರಕ್ಕೆ ಸ್ವಲ್ಪ ಹಳದಿ ಬರುತ್ತದೆ. ಆಗ ನೀಲಿ, ನೇರಳೆ ಮಂಕಾಗಿ ಕಾಣುತ್ತವೆ. ಕಡು ನೀಲಿಗೂ ಕಪ್ಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ನಾನು ಬ್ಲೌಸ್ ಹೊಲಿಯುವವಳು. ಬಟ್ಟೆ ತಂದವರನ್ನು ಮೊದಲು ಬಾಗಿಲ ಬಳಿ ಬಿಸಿಲ ಬೆಳಕಿಗೆ ನಿಲ್ಲಿಸಿ, ಬಟ್ಟೆಯನ್ನು ಗದ್ದದ ಕೆಳಗೆ ಹಿಡಿಸಿ, ಕೈಗೆ ಕನ್ನಡಿ ಕೊಡುತ್ತೇನೆ. ಸೀರೆ ನೋಡಬೇಡಿ, ಮುಖ ನೋಡಿಕೊಳ್ಳಿ ಅನ್ನುತ್ತೇನೆ. ಕಣ್ಣ ಕೆಳಗಿನ ಕಪ್ಪು ಜಾಸ್ತಿ ಕಂಡರೆ ಆ ಬಣ್ಣ ಬೇಡ. ನಾದಿನಿಯನ್ನೂ ಹಾಗೇ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿ, ಅವರೂ ಒಪ್ಪುತ್ತಾರೆ.

ಒಂದು ಮಾತು. ಸೀರೆ ಬಹಳ ದಿನ ಮಡಿಚಿಟ್ಟಿದ್ದರೆ ಒಡಲು, ಸೆರಗು ಕೂಡುವ ಕೊಂಡಿಯ ಜಾಗ ಪರೀಕ್ಷೆ ಮಾಡಿ. ಎಳೆ ಬಿಟ್ಟಿದ್ದರೆ ಗೃಹಪ್ರವೇಶಕ್ಕೆ ಮೊದಲೇ ಅದೇ ಬಣ್ಣದ ದಾರದಲ್ಲಿ ಕೈಹೊಲಿಗೆ ಹಾಕಿಸಿ.