ನಿಮ್ಮ ಓನರ್ ಫಾತಿಮಾ ಅವರ ಬಗ್ಗೆ

ಪೋರ್ಚುಗಲ್ಲಿನ ಲಿಸ್ಬನ್‌ಗೆ ಬಂದ ವಾರದಲ್ಲೇ ನಿಮಗೆ ಮೂರು ಅನುಮಾನ. ಮನೆ ಓನರ್ ಹೆಸರು ಫಾತಿಮಾ, ಗೋಡೆಯಲ್ಲಿ ಶಿಲುಬೆ, ಇದೇನು ಲೆಕ್ಕ? ಅವರನ್ನು ಹೇಗೆ ಕರೆಯಬೇಕು? ಒಗ್ಗರಣೆ ವಾಸನೆಗೆ ಬೈತಾರಾ?

ಒಗ್ಗರಣೆಗೆ ಕಿಟಕಿ ತೆಗೆದಿಡಿ, ಸಾಕು.

‘ದೋನಾ ಫಾತಿಮಾ’ ಅನ್ನಿ. ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುವುದು ಇಲ್ಲೂ ಚೆನ್ನಾಗಿರಲ್ಲ.

ನೀವೂ ಮಂಗಳೂರಿನವರು, ಪಿಂಟೊ, ಲೋಬೊ ಅಂಥ ಪೋರ್ಚುಗೀಸ್ ಹೆಸರು ಹೊಸದಲ್ಲ. ಆದರೆ ಫಾತಿಮಾ ಅಂದರೆ ನಮಗೆ ನೆನಪಾಗುವುದು ಶಾಲೆಯ ಬ್ಯಾರಿ ಮುಸ್ಲಿಂ ಗೆಳತಿ, ಅಲ್ವಾ? ಹೆಸರು ಅರಬ್ಬಿಯದೇ. ಪ್ರವಾದಿ ಮುಹಮ್ಮದರ ಮಗಳ ಹೆಸರು. ಮಗುವಿಗೆ ಎದೆಹಾಲು ಬಿಡಿಸುವ ಅರ್ಥದ ಮಾತಿನಿಂದ ಬಂದದ್ದು. ಈ ದೇಶಕ್ಕೆ 711ರ ನಂತರ ಮುಸ್ಲಿಂ ಅರಸರು ಬಂದು ನೂರಾರು ವರ್ಷ ಆಳಿದರು, ಹಾಗಾಗಿ ಅರಬ್ಬಿ ಹೆಸರುಗಳು ಇಲ್ಲಿ ಉಳಿದವು. ಲಿಸ್ಬನ್ನಿನ ಉತ್ತರಕ್ಕೆ ಒರೆಂ ಬಳಿ ಫಾತಿಮಾ ಅಂತ ಒಂದು ಊರೇ ಇದೆ. 1917ರ ಮೇ 13ರಂದು ಅಲ್ಲಿ ಕುರಿ ಕಾಯುತ್ತಿದ್ದ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಮಕ್ಕಳು ಮೇರಿ ಮಾತೆಯನ್ನು ಕಂಡೆವು ಅಂದರು. ಆಮೇಲೆ ಊರಿನ ಹೆಸರೇ ಮಾತೆಯ ಹೆಸರಾಯಿತು, ಹೆಣ್ಣುಮಕ್ಕಳಿಗೆ ‘ಮರಿಯಾ ದೆ ಫಾತಿಮಾ’ ಅಂತ ಇಡತೊಡಗಿದರು. ಈಗ ವಯಸ್ಸಾದವರಲ್ಲೇ ಈ ಹೆಸರು ಜಾಸ್ತಿ.

ನಾನು ಬಂದ ಹೊಸತರಲ್ಲಿ ಕೆಳಗಿನ ಮನೆಯಲ್ಲೂ ಒಬ್ಬರು ದೋನಾ ಫಾತಿಮಾ ಇದ್ದರು. ಶಿವರಾತ್ರಿಗೆ ಘಟ್ಟದವರು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುತ್ತಾರಲ್ಲ, ಹಾಗೆ ಮೇ ತಿಂಗಳಲ್ಲಿ ಫಾತಿಮಾ ಊರಿಗೆ ನಡೆದೇ ಹೋಗುತ್ತಿದ್ದರು. ಪ್ರತಿ ಸಲ ನನ್ನನ್ನೂ ಕರೆಯುತ್ತಿದ್ದರು. ರಜೆ ಇಲ್ಲ ಅನ್ನುತ್ತಿದ್ದೆ. ರಜೆ ಇರುತ್ತಿತ್ತು, ಊರಿಗೆ ಹೋಗಲು ಅಂತ ಒಂದೊಂದು ದಿನವನ್ನೂ ಕೂಡಿಡುತ್ತಿದ್ದೆ. ಆ ಲೆಕ್ಕಾಚಾರದಲ್ಲಿ ಇಲ್ಲಿಯವರ ಒಂದು ಹಬ್ಬಕ್ಕೂ ಹೋಗಲಿಲ್ಲ, ಒಬ್ಬರ ಮನೆಯಲ್ಲೂ ಕೂತು ಉಣ್ಣಲಿಲ್ಲ. ಅಷ್ಟರಲ್ಲಿ ಅವರ ಮಂಡಿ ಸೋತಿತು, ಮಗನ ಮನೆಗೆ ಹೋದರು. ನನ್ನ ಕೈಗೆ ಅವರು ಕೊಟ್ಟು ಹೋದ ಜಪಮಣಿ ಇನ್ನೂ ದೇವರ ಗೂಡಲ್ಲಿ ಗಣಪತಿ ಪಕ್ಕ ಇದೆ.

ನಿಮ್ಮ ಓನರ್ ಕರೆದರೆ ಸುಮ್ನೆ ಹೋಗಿಬನ್ನಿ. ಮೇ 12ರ ರಾತ್ರಿ ಮೇಣದಬತ್ತಿ ಮೆರವಣಿಗೆ ನೋಡುವಂಥದ್ದು. ವಿಪರೀತ ಜನ, ವಾಪಸ್ ಬಸ್ಸಿಗೆ ಮೊದಲೇ ಟಿಕೆಟ್ ಮಾಡಿಸಿ. ಮತ್ತೆ ಬಾಡಿಗೆ ಕೊಟ್ಟಾಗಲೆಲ್ಲ ರಸೀದಿ ಕೇಳಿ ಪಡೆಯಿರಿ, ದೋನಾ ಫಾತಿಮಾ ಎಷ್ಟೇ ಒಳ್ಳೆಯವರಿರಲಿ.