ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಳ್ಳೆಯ ರಾಕ್ ಬ್ಯಾಂಡ್‌ಗಳನ್ನು ಹುಡುಕೋದು ಹೇಗೆ? ಒಂದೆರಡು ಆಲ್ಬಂ ಹೇಳ್ತೀರಾ?

ನಿರ್ವಾಣ, ರೇಡಿಯೋಹೆಡ್, ಆರ್.ಇ.ಎಂ. ಎಲ್ಲಾ ಕೇಳಿ ಮುಗಿಸಿದ್ದೀರಿ. ಆ್ಯಪ್ ಮಾತ್ರ ಅದೇ ಐವತ್ತು ಹಾಡನ್ನು ಮತ್ತೆ ಮತ್ತೆ ಬಿಸಿ ಮಾಡಿ ಬಡಿಸ್ತಾ ಇದೆ ಅಂತ ಬರೆದಿದ್ದೀರಿ. ನನಗೂ ಇದೇ ಕಾಯಿಲೆ ಇತ್ತು. ವಾಸಿಯಾದ ಕಥೆ ಸ್ವಲ್ಪ ಉದ್ದ, ಆದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

2009ರಲ್ಲಿ ನನ್ನ ರೂಂಮೇಟ್ ಕೆಲಸ ಬದಲಾಯಿಸಿ ಪುಣೆಗೆ ಹೊರಟ. ಹೋಗುವ ಹಿಂದಿನ ರಾತ್ರಿ ಅವನ ಹಾರ್ಡ್‌ಡಿಸ್ಕ್‌ನಲ್ಲಿದ್ದ ಹಾಡುಗಳನ್ನೆಲ್ಲ ನನ್ನ ಲ್ಯಾಪ್‌ಟಾಪ್‌ಗೆ ಸುರಿದುಕೊಂಡೆ. ಕದ್ದ ಮಾಲು, ಒಪ್ಪಿಕೊಳ್ಳುತ್ತೇನೆ. ಅದರಲ್ಲಿ 'ಮಿಕ್ಸ್' ಅನ್ನೋ ಒಂದು ಫೋಲ್ಡರ್. ಒಳಗೆ ಹದಿನಾಲ್ಕು ಹಾಡು, ಒಂದಕ್ಕೂ ಹೆಸರಿಲ್ಲ. ಅನ್‌ನೋನ್ ಆರ್ಟಿಸ್ಟ್, ಟ್ರ್ಯಾಕ್ 01, ಟ್ರ್ಯಾಕ್ 02, ಹೀಗೆ. ಸುಮ್ನೆ ಓಡಿಸ್ತಾ ಇದ್ದೆ. ಏಳನೆಯದು ಬಂದಾಗ ಕೈಯಲ್ಲಿದ್ದ ಕೆಲಸ ನಿಂತಿತು.

ಮೊದಲು ಕೆಲವು ಸೆಕೆಂಡು ಒಂದು ಗಿಟಾರ್ ಚುರುಕಾಗಿ, ಹೆಚ್ಚು ಕಡಿಮೆ ಖುಷಿಯಲ್ಲೇ ಮಿಡಿಯುತ್ತದೆ. ಇದ್ದಕ್ಕಿದ್ದ ಹಾಗೆ ಅದು ಪಕ್ಕಕ್ಕೆ ಸರಿದು, ಕೆಳಗಿನಿಂದ ತಗ್ಗು ದನಿಯ ಬೇಸ್ ಗಿಟಾರ್ ಎದ್ದು ಬರುತ್ತದೆ. ಇಡೀ ಹಾಡಿನ ಬೆಳಕೇ ಆರಿ ಹೋದ ಹಾಗೆ. ಹುಡುಗನೊಬ್ಬ ಪಿಸುಮಾತಿಗಿಂತ ಸ್ವಲ್ಪ ಜೋರಾಗಿ ಹಾಡ್ತಾನೆ. ಪಕ್ಕದಲ್ಲಿ ಮಲಗಿದವಳು ಏಳುತ್ತಿಲ್ಲ, ಏನೋ ಆಗಬಾರದ್ದು ಆಗಿ ಹೋಗಿದೆ. ಅಷ್ಟು ಅರ್ಥವಾಯಿತು. ಕಿರುಚಾಟ ಇಲ್ಲ, ಗಿಟಾರ್ ಸೋಲೋ ಇಲ್ಲ. ಭಯ ಮಾತ್ರ ಇದೆ.

ಯಾರದ್ದು ಅಂತ ಹುಡುಕಿದೆ. ಕೇಳಿಸಿದ ಸಾಲುಗಳನ್ನು ಟೈಪ್ ಮಾಡಿದರೆ ಏನೇನೋ ಬಂತು, ಯಾಕಂದ್ರೆ ನನಗೆ ಸಾಲೇ ತಪ್ಪಾಗಿ ಕೇಳಿಸಿತ್ತು. ರೂಂಮೇಟ್‌ಗೆ ಫೋನ್ ಮಾಡಿದರೆ ಅವನಿಗೂ ಬೇರೆ ಯಾರೋ ಕೊಟ್ಟಿದ್ದಂತೆ. ಕೈಬಿಟ್ಟೆ.

ಎಂಟು ವರ್ಷ ಆದಮೇಲೆ ನೈಟ್ ಶಿಫ್ಟ್‌ನಲ್ಲಿ ಕೂತಿದ್ದೆ. ರೇಡಿಯೋ ಗಾರ್ಡನ್ ಅಂತ ಒಂದು ಸೈಟ್ ಇದೆ, ಭೂಗೋಳ ತಿರುಗಿಸಿ ಯಾವ ಊರಿನ ರೇಡಿಯೋ ಬೇಕಾದರೂ ಕೇಳಬಹುದು. ನಿದ್ದೆ ಬಾರದಿರಲಿ ಅಂತ ಅದನ್ನು ತಿರುಗಿಸ್ತಾ ಇದ್ದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಬಹುತೇಕ ತುದಿಯಲ್ಲಿ, ಡನೀಡಿನ್ ಅನ್ನೋ ಊರು ಸಿಕ್ಕಿತು. ನಮ್ಮಲ್ಲಿ ರಾತ್ರಿ ಒಂದು ಗಂಟೆ, ಅಲ್ಲಿ ಬೆಳಗ್ಗೆ ಏಳೂವರೆ. ಎರಡೋ ಮೂರೋ ಹಾಡಾದ ಮೇಲೆ ಆ ಗಿಟಾರ್. ನನ್ನ ಟ್ರ್ಯಾಕ್ 07. ಮುಗಿದಮೇಲೆ ನಿರೂಪಕಿ ಆಕಳಿಸುವ ದನಿಯಲ್ಲಿ ಹೆಸರು ಹೇಳಿದಳು: ದಿ ಚಿಲ್ಸ್, 'ಪಿಂಕ್ ಫ್ರಾಸ್ಟ್'. ಅವರ ಪಾಲಿಗೆ ಅದು ಊರಿನ ಹಳೇ ಹಾಡು, ನಮಗೆ ಬೆಳಗಿನ ಚಂದನ ವಾಹಿನಿ ಇದ್ದ ಹಾಗೆ.

ಆವತ್ತಿನಿಂದ ನಾನು ಬ್ಯಾಂಡ್ ಹುಡುಕೋದು ಬಿಟ್ಟೆ. ಊರು ಹುಡುಕ್ತೀನಿ. ಚಿಕ್ಕ ಊರಲ್ಲಿ ಡ್ರಮ್ಸ್ ಬಾರಿಸೋರು ಎಷ್ಟು ಜನ ಇರ್ತಾರೆ? ಹಾಗಾಗಿ ಒಬ್ಬನೇ ನಾಲ್ಕು ಬ್ಯಾಂಡಲ್ಲಿ ಇರ್ತಾನೆ. ಅವನ ಬಾಲ ಹಿಡಿದರೆ ಇಡೀ ಊರು ಸಿಗುತ್ತೆ. ಕರಾವಳಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರು ಈ ವರ್ಷ ಯಾವ ಮೇಳಕ್ಕೆ ಹೋದರು ಅಂತ ನೋಡಿಕೊಂಡೇ ಆಟಕ್ಕೆ ಹೋಗೋರು ಅವರು.

ಡನೀಡಿನ್‌ನಲ್ಲಿ ನಾನು ಹಿಡಿದ ಬಾಲ ಹೀಗೆ ಹೋಯಿತು. ಚಿಲ್ಸ್ ಅಂದರೆ ಮಾರ್ಟಿನ್ ಫಿಲಿಪ್ಸ್. 1980ರಲ್ಲಿ ಶುರು ಮಾಡಿದ. ಜೊತೆಗಾರರು ಇಪ್ಪತ್ತಕ್ಕೂ ಹೆಚ್ಚು ಜನ ಬಂದರು, ಹೋದರು, ಅವನೊಬ್ಬ ಉಳಿದ. 'ಪಿಂಕ್ ಫ್ರಾಸ್ಟ್' ರೆಕಾರ್ಡ್ ಆಗಿದ್ದು 1982ರಲ್ಲಿ, ಹೊರಗೆ ಬಂದಿದ್ದು 1984ರಲ್ಲಿ. ನಡುವೆ, 1983ರಲ್ಲಿ, ಅದರಲ್ಲಿ ಡ್ರಮ್ಸ್ ಬಾರಿಸಿದ ಮಾರ್ಟಿನ್ ಬುಲ್ ರಕ್ತ ಕ್ಯಾನ್ಸರಿನಿಂದ ತೀರಿಕೊಂಡ. ಸಾಯುವ ಮುಂಚೆ ತನ್ನ ಲೆದರ್ ಜಾಕೆಟ್ಟನ್ನು ಫಿಲಿಪ್ಸ್‌ಗೆ ಬಿಟ್ಟು ಹೋದ. ಆ ಜಾಕೆಟ್ ಮೇಲೆ ಫಿಲಿಪ್ಸ್ ಒಂದು ಹಾಡು ಕಟ್ಟಿದ, 1986ರಲ್ಲಿ ಬಂತು. ಕೇಳಿದರೆ ಕುಣಿಯೋ ಹಾಡು ಅನ್ನಿಸುತ್ತೆ. ಈ ವಿಷಯ ಗೊತ್ತಾದ ಮೇಲೆ ಕುಣಿಯೋಕೆ ಸ್ವಲ್ಪ ಕಷ್ಟ.

ಇದೇ ಫಿಲಿಪ್ಸ್ 1981ರಲ್ಲಿ ಬೇರೆಯವರ ಹಾಡಿಗೆ ಕೀಬೋರ್ಡ್ ನುಡಿಸಿದ್ದ. ಬ್ಯಾಂಡ್ ಹೆಸರು ದಿ ಕ್ಲೀನ್, ಹಾಡು 'ಟ್ಯಾಲಿ ಹೋ'. ಜಾತ್ರೆಯಲ್ಲಿ ತೊಟ್ಟಿಲು ತಿರುಗುವಾಗ ಬರುವಂಥ ಕೀಬೋರ್ಡ್ ಅದು. ಖರ್ಚು ನೂರು ಡಾಲರ್ ಕೂಡ ಆಗಿರಲಿಲ್ಲ. ಹಾಡು ನ್ಯೂಜಿಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಹೋಯಿತು. ಅದನ್ನು ಹೊರತಂದವನು ರೋಜರ್ ಶೆಫರ್ಡ್, ಕ್ರೈಸ್ಟ್‌ಚರ್ಚ್‌ನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಅದೇ ವರ್ಷ ಫ್ಲೈಯಿಂಗ್ ನನ್ ಅಂತ ಲೇಬಲ್, ಅಂದರೆ ರೆಕಾರ್ಡ್ ಹೊರತರೋ ಕಂಪನಿ, ತೆರೆದಿದ್ದ. ಹಾರುವ ಸನ್ಯಾಸಿನಿ! ದೊಡ್ಡ ಕಂಪನಿಗಳು ತಿರುಗಿ ನೋಡದ ಹುಡುಗರ ಹಾಡನ್ನೆಲ್ಲ ಅವನು ಹಾಕಿದ. ಡನೀಡಿನ್‌ನವರಿಗೆ ಒಟಾಗೋ ವಿಶ್ವವಿದ್ಯಾಲಯ ಇತ್ತು, ಕಡಿಮೆ ಬಾಡಿಗೆಗೆ ಸಿಗುವ ಹಳೇ ತಣ್ಣನೆ ಮನೆಗಳಿದ್ದವು, ನುಡಿಸೋಕೆ ಎಂಪೈರ್, ಕ್ಯಾಪ್ಟನ್ ಕುಕ್ ಅಂತ ಪಬ್‌ಗಳಿದ್ದವು. ಕೇಳಿಸಬೇಕಾದವರು ಮಾತ್ರ ದೂರದಲ್ಲಿದ್ದರು. ಹಾಗಾಗಿ ಒಬ್ಬರಿಗೊಬ್ಬರು ಕೇಳಿಸಿಕೊಂಡರು.

ಕ್ಲೀನ್‌ನಲ್ಲಿ ಮೂರು ಜನ. ಅಣ್ಣ ತಮ್ಮ ಹೇಮಿಶ್ ಮತ್ತು ಡೇವಿಡ್ ಕಿಲ್ಗೋರ್, ಬೇಸ್‌ಗೆ ರಾಬರ್ಟ್ ಸ್ಕಾಟ್. 1981ರಲ್ಲೇ ಅವರ 'ಬೂಡಲ್ ಬೂಡಲ್ ಬೂಡಲ್' ಬಂತು, ಐದೇ ಹಾಡಿನ ಇ.ಪಿ., ಅಂದರೆ ಆಲ್ಬಂಗಿಂತ ಚಿಕ್ಕ ರೆಕಾರ್ಡ್. ನಿಮಗೆ ಒಂದೇ ಒಂದು ರೆಕಾರ್ಡ್ ಹೇಳು ಅಂದರೆ ನಾನು ಇದನ್ನೇ ಹೇಳೋದು. ಕ್ರಿಸ್ ನಾಕ್ಸ್ ಅನ್ನೋನು ತನ್ನ ನಾಲ್ಕು ಟ್ರ್ಯಾಕಿನ ಟೇಪ್ ಮಷಿನ್‌ನಲ್ಲಿ ಡಗ್ ಹುಡ್ ಜೊತೆ ಸೇರಿ ರೆಕಾರ್ಡ್ ಮಾಡಿದ್ದು. ಇದರ ಸದ್ದು ಯಾಕೆ ಹಾಗಿದೆ ಅಂತ ತಿಳಿಯೋಕೆ ಆ ಮಷಿನ್ ಅರ್ಥವಾಗಬೇಕು. ಟೇಪಿನ ಮೇಲೆ ಅಕ್ಕಪಕ್ಕ ನಾಲ್ಕೇ ಗೆರೆ. ಡ್ರಮ್ಸ್ ಒಂದು, ಬೇಸ್ ಒಂದು, ಗಿಟಾರ್ ಒಂದು, ಹಾಡು ಒಂದು. ಜಾಗ ಮುಗೀತು. ಇನ್ನೊಂದು ಗಿಟಾರ್ ಬೇಕಾ? ಹಾಡೋದಕ್ಕೆ ಮುಂಚೆಯೇ ಮೊದಲ ಮೂರನ್ನು ಕಲಸಿ, ಇನ್ನೂ ಖಾಲಿ ಇರುವ ನಾಲ್ಕನೇ ಗೆರೆಗೆ ಇಳಿಸಬೇಕು, ಆಮೇಲೆ ಆ ಮೂರು ಗೆರೆ ಖಾಲಿ. ಒಮ್ಮೆ ಕಲಸಿದರೆ ಸಾಂಬಾರಿಗೆ ಬಿದ್ದ ಉಪ್ಪಿನ ಹಾಗೆ, ಡ್ರಮ್ಸ್ ಜಾಸ್ತಿ ಆಯ್ತು ಅಂತ ಆಮೇಲೆ ತೆಗೆಯೋಕಾಗಲ್ಲ. ಪ್ರತಿ ಸಲ ಇಳಿಸುವಾಗಲೂ ಟೇಪಿನ ಸುಯ್ ಅನ್ನೋ ಸದ್ದು ಸ್ವಲ್ಪ ಸ್ವಲ್ಪ ಏರುತ್ತೆ. ಹಾಗಾಗಿ ಬೇಡದ್ದನ್ನು ಅವರು ನುಡಿಸಲೇ ಇಲ್ಲ. ಇ.ಪಿ.ಯ ಕೊನೇ ಹಾಡು ಹಾಕಿ ನೋಡಿ. ಡ್ರಮ್ಸ್ ಒಂದೇ ಓಟದಲ್ಲಿ ಹೋಗ್ತಾ ಇರುತ್ತೆ, ಗಿಟಾರ್ ಅದರ ಮೇಲೆ ಜೇನುಹುಳದ ಹಿಂಡಿನ ಹಾಗೆ ಸುತ್ತುತ್ತೆ. ಇದು ತಿಂಗಳುಗಟ್ಟಲೆ ಆ ದೇಶದ ಟಾಪ್ 20ರಲ್ಲಿ ಇತ್ತು ಅಂದರೆ ನಂಬೋಕೇ ಆಗಲ್ಲ ಅಲ್ವಾ?

ಮುಂದಿನ ಕೊಂಡಿ ರಾಬರ್ಟ್ ಸ್ಕಾಟ್. 1982ರಲ್ಲಿ ಕ್ಲೀನ್ ಒಡೆದ ಮೇಲೆ ಅವನು ದಿ ಬ್ಯಾಟ್ಸ್ ಕಟ್ಟಿದ. ಅಂದು ಸೇರಿದ ನಾಲ್ಕು ಜನ ನಲವತ್ತು ವರ್ಷದ ಮೇಲೂ ಅದೇ ನಾಲ್ಕು ಜನ. ಚಿಲ್ಸ್‌ಗೂ ಇವರಿಗೂ ಎಷ್ಟು ವ್ಯತ್ಯಾಸ ನೋಡಿ. 1987ರ 'ಡ್ಯಾಡೀಸ್ ಹೈವೇ' ಅವರ ಮೊದಲ ಆಲ್ಬಂ. ಮೊದಲ ಸಲ ಕೇಳಿದಾಗ ಎಲ್ಲಾ ಹಾಡೂ ಒಂದೇ ಥರ ಅನ್ನಿಸುತ್ತೆ. ನನಗೂ ಅನ್ನಿಸಿತ್ತು, ಎತ್ತಿಟ್ಟಿದ್ದೆ. ಒಂದು ದಿನ ಶಿವಮೊಗ್ಗದಿಂದ ಸಾಗರಕ್ಕೆ ಮಳೆಯಲ್ಲಿ ಬಸ್ಸಲ್ಲಿ ಹೋಗುವಾಗ ಹಾಕಿದೆ. ಅದೇ ಬ್ಯಾಂಡಿನ ಕೇ ವುಡ್‌ವರ್ಡ್‌ಳ ದನಿ ಸ್ಕಾಟ್‌ನ ದನಿಯ ಹಿಂದೆ ಒಂದು ಹೆಜ್ಜೆ ತಡವಾಗಿ ಬಂದು ಸೇರಿಕೊಳ್ಳೋದು ಆಗ ಕೇಳಿಸಿತು. ಈಗ ಯಾವ ಹಾಡು ಯಾವುದು ಅಂತ ಮೊದಲ ಎರಡು ಸೆಕೆಂಡಲ್ಲೇ ಹೇಳ್ತೀನಿ.

ಬ್ಯಾಟ್ಸ್‌ನಲ್ಲಿ ಬೇಸ್ ನುಡಿಸೋನು ಪಾಲ್ ಕೀನ್. ಅವನು ಅದಕ್ಕೂ ಮುಂಚೆ ಟಾಯ್ ಲವ್ ಅನ್ನೋ ಬ್ಯಾಂಡಲ್ಲಿದ್ದ. ಅದರಲ್ಲಿ ಹಾಡ್ತಾ ಇದ್ದವನು ಯಾರು? ಆ ನಾಲ್ಕು ಟ್ರ್ಯಾಕಿನ ಮಷಿನ್‌ನ ಕ್ರಿಸ್ ನಾಕ್ಸ್. ಬಾಲ ಹಿಡಿದು ಹೋದವನು ತಲೆ ಹತ್ರಾನೇ ಬಂದು ನಿಂತೆ! ನಾಕ್ಸ್ ಆಮೇಲೆ ಆಲೆಕ್ ಬಾತ್‌ಗೇಟ್ ಜೊತೆ ಟಾಲ್ ಡ್ವಾರ್ಫ್ಸ್ ಅಂತ ಇಬ್ಬರ ಬ್ಯಾಂಡ್ ಮಾಡಿದ. ಡ್ರಮ್ಮರ್ ಇಲ್ಲ, ಕೈಗೆ ಸಿಕ್ಕಿದ್ದನ್ನು ಬಡಿದು ಅದನ್ನೇ ಟೇಪಿನ ಸುರುಳಿ ಮಾಡಿ ತಿರುಗಿಸೋದು. ತಾಳ್ಮೆ ಇಲ್ಲದವರಿಗೆ ಇದು ಬೇಡ. ನನ್ನ ಹೆಂಡತಿಗೆ ಕೇಳಿಸಿದೆ, ಮಿಕ್ಸಿ ಕೆಟ್ಟಿದೆಯಾ ಅಂದಳು.

ಇನ್ನೂ ಇದ್ದಾರೆ. ದಿ ವರ್ಲೇನ್ಸ್ ಬ್ಯಾಂಡಿನ ಗ್ರೇಮ್ ಡೌನ್ಸ್ ಆಮೇಲೆ ಒಟಾಗೋದಲ್ಲೇ ಸಂಗೀತದ ಮೇಷ್ಟ್ರಾದ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚಿಸಿದ ಮಾಹ್ಲರ್ ಮೇಲೆ ಪಿಎಚ್‌ಡಿ ಮಾಡಿದವನು. ಹಾಡಲ್ಲೂ ಅದು ಗೊತ್ತಾಗುತ್ತೆ, ಲಯ ನಿಂತಲ್ಲಿ ನಿಲ್ಲಲ್ಲ. 1987ರ 'ಬರ್ಡ್ ಡಾಗ್' ಕೇಳಿ, ಆದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ. ಲುಕ್ ಬ್ಲೂ ಗೋ ಪರ್ಪಲ್ ಅಂತ ಐದು ಹುಡುಗಿಯರ ಬ್ಯಾಂಡ್ ಇತ್ತು, 1983ರಿಂದ 87ರವರೆಗೆ ಮೂರೇ ಇ.ಪಿ. ಮಾಡಿ ನಿಲ್ಲಿಸಿದರು. ಒಂದು ಸಂಜೆಯಲ್ಲಿ ಎಲ್ಲಾ ಕೇಳಿ ಮುಗಿಸಬಹುದು. ಮುಗಿದಾಗ ಬೇಜಾರಾಗುತ್ತೆ. ಸ್ನೀಕಿ ಫೀಲಿಂಗ್ಸ್ ಅನ್ನೋ ಬ್ಯಾಂಡನ್ನು ಎಲ್ಲರೂ ಹೊಗಳ್ತಾರೆ, ನನಗೇನೋ ಹಿಡಿಸಲಿಲ್ಲ. ಚಿಲ್ಸ್‌ನಲ್ಲಿ 1990ರ 'ಸಬ್‌ಮರೀನ್ ಬೆಲ್ಸ್' ಜಾಸ್ತಿ ಹೆಸರು ಮಾಡಿದ್ದು, ಅಲ್ಲಿ ನಂಬರ್ ಒನ್ ಕೂಡ ಆಯಿತು. ಚೆನ್ನಾಗಿದೆ, ಸ್ವಲ್ಪ ಹೊಳಪು ಜಾಸ್ತಿ. ನಾನಾದರೆ ಬಿಡಿಬಿಡಿಯಾಗಿ ಬಂದಿದ್ದ ಹಳೇ ಹಾಡುಗಳನ್ನು (ಸಿಂಗಲ್‌ಗಳನ್ನು) ಒಟ್ಟು ಮಾಡಿದ 'ಕೆಲೈಡೊಸ್ಕೋಪ್ ವರ್ಲ್ಡ್' ಕೊಡ್ತೀನಿ. 'ಪಿಂಕ್ ಫ್ರಾಸ್ಟ್' ಇರೋದೂ ಅದರಲ್ಲೇ. 2022ರ ಡಿಸೆಂಬರ್‌ನಲ್ಲಿ ಕ್ಲೀನ್‌ನ ಹೇಮಿಶ್ ತೀರಿಕೊಂಡ, 2024ರ ಜುಲೈ ಕೊನೆಗೆ ಫಿಲಿಪ್ಸ್ ತೀರಿಕೊಂಡ. ಆಮೇಲೆ ಒಂದು ವಾರ ಬೇರೇನೂ ಕೇಳಲಿಲ್ಲ.

ಈಗ ನೀವು ಹೇಗೆ ಮಾಡೋದು ಅಂತ. ನಿಮಗೆ ಇಷ್ಟವಾದ, ಸ್ವಲ್ಪ ಕಡಿಮೆ ಹೆಸರಿರುವ ಒಂದು ರೆಕಾರ್ಡ್ ತಗೊಳ್ಳಿ. ರೆಕಾರ್ಡ್‌ಗಳ ವಿವರವೆಲ್ಲ ಇರುವ ಡಿಸ್ಕಾಗ್ಸ್ ಸೈಟಿಗೆ ಹೋಗಿ ಅದರ ಹಿಂಬದಿ ಓದಿ. ಯಾರು ರೆಕಾರ್ಡ್ ಮಾಡಿದರು, ಯಾವ ಲೇಬಲ್, ಅತಿಥಿಯಾಗಿ ಬಂದು ಒಂದೇ ಹಾಡಿಗೆ ಪಿಟೀಲು ನುಡಿಸಿದವರು ಯಾರು. ಆ ಹೆಸರು ಒತ್ತಿದರೆ ಅವರು ಕೈಯಿಟ್ಟ ಬೇರೆ ರೆಕಾರ್ಡ್‌ಗಳೆಲ್ಲ ಸಾಲಾಗಿ ಬರುತ್ತವೆ. ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಸೈಟಲ್ಲಾದರೆ ಆಲ್ಬಂ ಪುಟದಲ್ಲೇ ಅದನ್ನು ಕೊಂಡವರ ಪುಟ್ಟ ಚಿತ್ರಗಳಿರುತ್ತವೆ. ಒಬ್ಬರ ಮೇಲೆ ಒತ್ತಿ, ಅವರು ಇನ್ನೇನು ಕೊಂಡಿದ್ದಾರೆ ನೋಡಿ. ದುಡ್ಡು ಕೊಟ್ಟು ಕೊಂಡವರ ರುಚಿ ಅದು, ಆ್ಯಪ್‌ನ ಊಹೆಗಿಂತ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಕ್ಲೀನ್‌ನ ಹಳೇ ಹಾಡುಗಳ ಸಂಕಲನವನ್ನು ಅಮೆರಿಕದಲ್ಲಿ ತಂದಿದ್ದು ಮರ್ಜ್ ರೆಕಾರ್ಡ್ಸ್ ಅನ್ನೋ ಲೇಬಲ್. ಅದನ್ನು ಶುರು ಮಾಡಿದ್ದು ನಾರ್ತ್ ಕೆರೊಲೈನಾದ ಸೂಪರ್‌ಚಂಕ್ ಅನ್ನೋ ಬ್ಯಾಂಡಿನವರು. ನೋಡಿದ್ರಾ, ಅಲ್ಲಿಂದ ನಾರ್ತ್ ಕೆರೊಲೈನಾಕ್ಕೆ ಇನ್ನೊಂದು ದಾರಿ ಹೊರಟಿತು.

ಅಷ್ಟು ದೂರ ಯಾಕೆ, ಬೆಂಗಳೂರಲ್ಲೇ ಶುರು ಮಾಡ್ತೀನಿ ಅಂದ್ರೂ ಸರಿ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ 1996ರಿಂದ ಇದೆ. ಮೊದಲಿದ್ದವರಲ್ಲಿ ಮೂರು ಜನ ಮಲಯಾಳಿಗಳು, ಇನ್ನೊಬ್ಬ ಕಾಲು ಮಲಯಾಳಿ. 'ತ್ರೀ ಮಲ್' ಅಂದರೆ ಥರ್ಮಲ್, ಕಾಲು ಅಂದರೆ ಕ್ವಾರ್ಟರ್, ಹೆಸರಿನ ಗುಟ್ಟು ಅಷ್ಟೇ. ಅವರ 2002ರ 'ಜುಪಿಟರ್ ಕೆಫೆ' ಕೇಳಿ. ಲೌಂಜ್ ಪಿರಾನಾ ಅಂತ ಇನ್ನೊಂದು ಬ್ಯಾಂಡ್ ಇತ್ತು, 2008ರಲ್ಲಿ 'ಗೋಯಿಂಗ್ ನೋವೇರ್' ಅನ್ನೋ ಆಲ್ಬಂ ಮಾಡಿತು. ನಮ್ಮ ಟ್ರಾಫಿಕ್ಕಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲ್ಲ. ಅದರಲ್ಲಿ ಡ್ರಮ್ಸ್ ಬಾರಿಸಿದವರ ಬಾಲ ಹಿಡಿದರೆ ನೀವು ಹೋಗಿ ನಿಲ್ಲೋದು ಚಿತ್ರಕಾದಂಬರಿಗಳ ಅಂಗಡಿಯಲ್ಲಿ. ಅಪ್ಪುಪೆನ್ ಅನ್ನೋ ಹೆಸರಲ್ಲಿ ಬರೆಯುವ ಜಾರ್ಜ್ ಮ್ಯಾಥನ್ ಅವರೇ.

ಮೊದಲು 'ಬೂಡಲ್ ಬೂಡಲ್ ಬೂಡಲ್', ಆಮೇಲೆ 'ಕೆಲೈಡೊಸ್ಕೋಪ್ ವರ್ಲ್ಡ್', ಮಳೆ ಬಂದ ದಿನ 'ಡ್ಯಾಡೀಸ್ ಹೈವೇ'. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಬೇಸ್ ಸಾಯುತ್ತೆ.

ಆ ಫೋಲ್ಡರ್‌ನ ಹದಿನಾಲ್ಕರಲ್ಲಿ ಹದಿಮೂರಕ್ಕೆ ಈಗ ಹೆಸರು ಸಿಕ್ಕಿದೆ. ಟ್ರ್ಯಾಕ್ 11 ಮಾತ್ರ ಯಾರದ್ದು ಅಂತ ಇನ್ನೂ ಗೊತ್ತಿಲ್ಲ. ಹೆಂಗಸಿನ ದನಿ, ಹಾರ್ಮೋನಿಯಂ ಥರದ್ದೇನೋ ಒಂದು, ಮಧ್ಯದಲ್ಲಿ ಯಾರೋ ಕೆಮ್ಮುತ್ತಾರೆ. ಎಲ್ಲಾದರೂ ಕೇಳಿಸಿದರೆ ನನಗೊಂದು ಮಾತು ಹೇಳಿ.