ಸ್ಕ್ಯಾನ್ ನಾರ್ಮಲ್, ಆದರೂ ಪದೇ ಪದೇ ಹೊಟ್ಟೆನೋವು, ವಾಂತಿ: ಇನ್ನೇನಿರಬಹುದು?

ನಿಮ್ಮ ತಂಗಿಗೆ ಎರಡು ವರ್ಷದಿಂದ ಆಗಾಗ ತಡೆಯಲಾರದ ಹೊಟ್ಟೆನೋವು, ವಾಂತಿ; ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ನಾರ್ಮಲ್; ಕೊನೆಗೆ 'ಟೆನ್ಶನ್' ಅಂದುಬಿಟ್ಟರು ಎಂದು ಬರೆದಿದ್ದೀರಿ. ನಾನು ಫಿಸಿಶಿಯನ್. ಸ್ಕ್ಯಾನ್‌ನಲ್ಲಿ ಕಾಣಲಿಲ್ಲ ಅಂದಮಾತ್ರಕ್ಕೆ ನೋವು ಸುಳ್ಳಲ್ಲ. ಹುಡುಕಬೇಕಾದ ಜಾಗ ಬೇರೆ ಇರಬಹುದು, ಅಷ್ಟೇ.

ನಾನು ಮರೆಯದ ಒಬ್ಬ ಯುವತಿ ಇದ್ದಾರೆ. ನೋವಿಗೆ ಮುದುರಿ ಮಲಗಿದ್ದರು, ಆದರೆ ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿತ್ತು. ನಾಡಿ ಮಾತ್ರ ಓಡುತ್ತಿತ್ತು, ರಕ್ತದಲ್ಲಿ ಸೋಡಿಯಂ ಕಡಿಮೆ. ಬೆಳಿಗ್ಗೆ ಹಿಡಿದಿಟ್ಟ ಮೂತ್ರದ ಬಾಟಲಿ ಕಿಟಕಿ ಪಕ್ಕ ಉಳಿದುಹೋಗಿತ್ತು. ಸಂಜೆಗೆ ಅದು ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಅಕ್ಯೂಟ್ ಇಂಟರ್‌ಮಿಟೆಂಟ್ ಪಾರ್ಫೈರಿಯಾ! ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಂಶದ ತಯಾರಿಕೆಯ ಹಾದಿಯಲ್ಲಿ ಒಂದು ಕಿಣ್ವ ಕಡಿಮೆಯಾಗಿ ಬರುವ ಕಾಯಿಲೆ. ಉಪವಾಸ, ಮದ್ಯ, ಮುಟ್ಟಿನ ಮುಂಚಿನ ದಿನಗಳು, ಫಿಟ್ಸ್‌ಗೆ ಕೊಡುವ ಫಿನೈಟಾಯಿನ್‌ನಂಥ ಕೆಲವು ಔಷಧಿಗಳು ಇದನ್ನು ಕೆರಳಿಸುತ್ತವೆ. ಕಾಯಿಲೆ ಪತ್ತೆಹಚ್ಚಲು ಮೂತ್ರದಲ್ಲಿ ಪಾರ್ಫೋಬಿಲಿನೋಜನ್ (ಹೀಮ್ ಆಗುವ ಮುಂಚಿನ ಒಂದು ವಸ್ತು) ಪರೀಕ್ಷೆ ಬೇಕು. ಮಾಮೂಲಿ ಯೂರಿನ್ ಟೆಸ್ಟ್‌ನಲ್ಲಿ ಅದು ಸೇರಿರುವುದಿಲ್ಲ, ಹೆಸರು ಹೇಳಿ ಕೇಳಬೇಕು. ನೋವು ಇರುವಾಗಲೇ ಮೂತ್ರ ಹಿಡಿದು, ಬೆಳಕು ತಾಗದಂತೆ ಬಾಟಲಿ ಸುತ್ತಿ ಕೊಡಬೇಕು. ನೋವು ಇಳಿದ ಮೇಲೆ ಕೊಟ್ಟರೆ ಕಾಯಿಲೆ ಕೈತಪ್ಪಬಹುದು.

ಅಂಗೈ ಗೆರೆ, ಒಸಡು ಕಪ್ಪಾಗುತ್ತಿದ್ದು, ತೂಕ ಇಳಿದು, ಉಪ್ಪು ಬೇಕೆನಿಸುತ್ತಿದ್ದರೆ ಅಡಿಸನ್ ಕಾಯಿಲೆ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸಾಕಷ್ಟು ಹಾರ್ಮೋನ್ ತಯಾರಿಸದ ಸ್ಥಿತಿ) ನೆನಪಿಗೆ ಬರಬೇಕು. ಬೆಳಗಿನ ರಕ್ತದಲ್ಲಿ ಆ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ನೋಡಬೇಕು. ತುಟಿ, ಮುಖ ಆಗಾಗ ಊದಿಕೊಳ್ಳುವವರಲ್ಲಿ ಕರುಳಿನ ಗೋಡೆಯೂ ಹಾಗೆಯೇ ಊದಬಹುದು, ಅದಕ್ಕೆ ರಕ್ತದ ಸಿ4 (ರೋಗನಿರೋಧಕ ವ್ಯವಸ್ಥೆಯ ಒಂದು ಪ್ರೋಟೀನ್) ಪರೀಕ್ಷೆ. ಬೇಗ ಸಣ್ಣಗಾದವರಿಗೆ ಊಟದ ನಂತರ ನೋವು ಬಂದು, ಬೋರಲು ಮಲಗಿದರೆ ತಗ್ಗುತ್ತದೆಯೇ? ಡುವೋಡಿನಂ (ಸಣ್ಣ ಕರುಳಿನ ಮೊದಲ ಭಾಗ) ರಕ್ತನಾಳಗಳ ನಡುವೆ ಸಿಕ್ಕಿರಬಹುದು. ಬ್ಯಾಟರಿ, ಸೀಸದ ಕೆಲಸ ಮಾಡುವವರಿಗೆ ರಕ್ತದ ಸೀಸದ ಮಟ್ಟ ನೋಡಬೇಕು. ಬಿಸಿನೀರಿನ ಸ್ನಾನದಿಂದ ಮಾತ್ರ ವಾಂತಿ ನಿಲ್ಲುತ್ತದೆ ಅನ್ನುವವರನ್ನು ಗಾಂಜಾ ಬಗ್ಗೆ ಕೇಳಲೇಬೇಕು, ಬೈಯದೆ.

ಇವೆಲ್ಲಕ್ಕೂ ಮೊದಲು ಸಕ್ಕರೆ, ಕೀಟೋನ್, ಕ್ಯಾಲ್ಸಿಯಂ, ಗರ್ಭಧಾರಣೆ ಪರೀಕ್ಷೆ ಆಗಿರಬೇಕು. ಹಸಿರು ವಾಂತಿ, ರಕ್ತ, ಹೊಟ್ಟೆ ಹಲಗೆಯಂತೆ ಬಿಗಿಯುವುದು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಈಗಿನಿಂದ ಒಂದು ನೋಟ್‌ಬುಕ್ ಇಡಿ: ನೋವು ಬಂದ ದಿನ, ಮುಟ್ಟಿನ ದಿನ, ನುಂಗಿದ ಮಾತ್ರೆಗಳ ಹೆಸರು, ಊಟ ಬಿಟ್ಟಿದ್ದರೇ, ಮೂತ್ರದ ಬಣ್ಣ, ಕೈಕಾಲಿನ ಸೋಲು. ಮುಂದಿನ ಸಲ ನೋವು ಶುರುವಾದಾಗಲೇ ಆ ನೋಟ್‌ಬುಕ್ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.